ಎಡಗಡೆಯ ಚಮಚ

ಮಂಗಳವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ನಾದಿನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ನನ್ನ ಅಕ್ಷರ ಕಂಡ ಕೂಡಲೇ ನೀನು ಈ ಕಾಗದವನ್ನು ಹರಿದು ಹಾಕುವವಳಿದ್ದರೆ, ಹರಿಯುವ ಮುಂಚೆ ಇದೊಂದು ಮಾತು ಕಣ್ಣಿಗೆ ಬೀಳಲಿ ಎಂದು ಮೇಲೆಯೇ ಬರೆಯುತ್ತಿದ್ದೇನೆ. ಐದನೆಯ ಹಾಡಿನಲ್ಲಿ ಎಡಗಡೆ ಚಮಚದ ಸದ್ದು ಇದೆ. ನಿನಗೆ ಕೇಳಿಸಿದ್ದು ನಿಜವಾದ ಸದ್ದು. ಅದನ್ನು ಕೇಳಿದ್ದಕ್ಕೆ ಹಳೆಯ ಕಾಯಿಲೆ ಮರಳಿ ಬಂತೆಂದು ಹೆದರಬೇಡ. ಈ ಕಾಗದವನ್ನು ನಿನ್ನ ಡಾಕ್ಟರಿಗೆ ತೋರಿಸು.

ಫೋನಿನಲ್ಲಿ ಹೇಳಬಹುದಿತ್ತು. ನೀನು ಎತ್ತುತ್ತಿಲ್ಲ, ಅದು ಬೇರೆ ಮಾತು. ಎತ್ತಿದ್ದರೂ ಏನಾಗುತ್ತಿತ್ತು ಎಂದು ನನಗೆ ಗೊತ್ತು. ನಾನು ಎರಡನೆಯ ಮಾತಿಗೇ ಅತ್ತುಬಿಡುತ್ತಿದ್ದೆ, ನೀನು ಹೋಗಲಿ ಬಿಡಿ ಅತ್ತಿಗೆ ಎಂದು ಸಮಾಧಾನ ಮಾಡುತ್ತಿದ್ದೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತಿತ್ತು. ಕಾಗದದಲ್ಲಿ ಆ ಅನುಕೂಲ ನನಗಿಲ್ಲ. ಎಲ್ಲವನ್ನೂ ಮೊದಲಿನಿಂದ, ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ನಿನ್ನ ಡಾಕ್ಟರು ಓದುವುದಾದರೆ ಅವರಿಗೂ ತಲೆಬುಡ ತಿಳಿಯಲಿ.

ಡಾಕ್ಟರೇ, ನಾನು ಇವಳ ಅಣ್ಣನ ಹೆಂಡತಿ. ಕಿವಿಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕಿವಿ ಪರೀಕ್ಷೆ ಮಾಡುವವಳು. ಇವಳು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟು ಮಾಡುವವಳು. ನೀವಿಬ್ಬರೂ ಸೇರಿದರೆ ಅರ್ಧ ಮುಖ ರಿಪೇರಿ ಆಗುತ್ತೆ ಎಂದು ಇವಳ ಅಣ್ಣ ತಮಾಷೆ ಮಾಡುತ್ತಾರೆ. ಒಂಬತ್ತು ವರ್ಷದ ಹಿಂದೆ ಇವಳಿಗೆ ಹುಷಾರಿಲ್ಲದಾಗ ಎಂಟು ತಿಂಗಳು ನಮ್ಮ ಮನೆಯಲ್ಲಿದ್ದಳು. ಪಕ್ಕದ ಕೋಣೆಯಲ್ಲಿ ಯಾರೋ ಪಾತ್ರೆ ಬಡಿಯುತ್ತಿದ್ದಾರೆ ಎನ್ನುತ್ತಿದ್ದಳು. ಪಕ್ಕದಲ್ಲಿ ಕೋಣೆಯೇ ಇರಲಿಲ್ಲ, ಆ ಗೋಡೆಯ ಆಚೆ ಬರೀ ರಸ್ತೆ. ಆದರೂ ಗೋಡೆಗೆ ಕಿವಿ ಒತ್ತಿಕೊಂಡು ನಿಂತುಬಿಡುತ್ತಿದ್ದಳು. ಇದೆಲ್ಲ ನಿಮ್ಮ ಫೈಲಿನಲ್ಲಿ ಇರುತ್ತದೆ. ಇಲ್ಲದಿರುವುದೆಂದರೆ ಹಾಡಿನ ಸಂಗತಿ.

ನೆನಪಿದೆಯಾ, ಆ ದಿನಗಳಲ್ಲಿ ನಿನ್ನ ತಲೆಯೊಳಗಿನ ಗದ್ದಲಕ್ಕಿಂತ ದೊಡ್ಡ ಗದ್ದಲ ಬೇಕು ಎಂದು ನೀನೇ ಹುಡುಕಿ ತಂದೆಯಲ್ಲ, ನಮ್ಮ ಮೆಚ್ಚಿನ ಆ ಸಂಗೀತಗಾರರ ಜೋಡಿಯ ಮೊದಲ ಆಲ್ಬಂ? ಇಬ್ಬರೇ ಇಬ್ಬರು, ಮಾತಿಲ್ಲ, ಪಲ್ಲವಿಯಿಲ್ಲ, ಬರೀ ಯಂತ್ರಗಳ ಸದ್ದು. ಅತ್ತೆ ಅದನ್ನು ಕೇಳಿ, ಮಿಕ್ಸಿ ಯಾರು ಹಾಕಿದ್ದು ಎಂದು ಅಡುಗೆಮನೆಗೆ ಓಡಿದ್ದರು. ಅವತ್ತು ನೀನು ಮೂರು ತಿಂಗಳ ಮೇಲೆ ನಕ್ಕೆ. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು, ಮಾಳಿಗೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆವು. ನಿನ್ನದು ಎಡ, ನನ್ನದು ಬಲ. ಎತ್ತರದವನಿಗೆ ಉದ್ದಣ್ಣ, ಇನ್ನೊಬ್ಬನಿಗೆ ಗಿಡ್ಡಣ್ಣ ಎಂದು ಹೆಸರಿಟ್ಟವಳು ನೀನು. ಈಗ ಬಳಗದವರೆಲ್ಲ ಹಾಗೇ ಕರೆಯುತ್ತಾರೆ, ಅದು ನಿನ್ನದೆಂದು ಯಾರಿಗೂ ಗೊತ್ತಿಲ್ಲ.

ಬಳಗವೆಂದರೆ ಅಭಿಮಾನಿಗಳ ಪುಟ, ಡಾಕ್ಟರೇ. ಅರವತ್ತೆಂಟು ಜನ ಇದ್ದೇವೆ. ಯಾರಿಗೂ ನಿಜವಾದ ಹೆಸರಿಲ್ಲ. ನಾನು ಹಳೇ ಕಿವಿ, ಇವಳು ದವಡೆ ಹಲ್ಲು. ಇವಳು ಅಲ್ಲಿ ಬಾಯಿ ಬಿಡುವುದು ವರ್ಷಕ್ಕೊಮ್ಮೆ. ನಾನು ದಿನಾ ಬಿಡುತ್ತೇನೆ. ಕಿವಿಯ ಕೆಲಸದವಳು ಎಂದು ತಿಳಿದ ಮೇಲಂತೂ ಹೊಸ ಹಾಡು ಬಂದಾಗಲೆಲ್ಲ ಹಳೇ ಕಿವಿ ಏನಂತಾರೆ ಎಂದು ಕಾಯುವವರು ಹುಟ್ಟಿಕೊಂಡರು. ಅವರು ಅಟ್ಟಕ್ಕೇರಿಸಿದರು, ನಾನು ಏರಿ ಕೂತೆ. ಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತ ಹೆಂಗಸಿನ ಅಭಿಪ್ರಾಯಕ್ಕೆ ಅಷ್ಟು ಜನ ಕಾಯುತ್ತಾರೆಂದರೆ ಕೊಂಬು ಬರದೇ ಇರುತ್ತದೆಯೇ.

ಈಗ ನಿನಗೆ ಗೊತ್ತಿಲ್ಲದ ವಿಷಯ. ಐದು ತಿಂಗಳ ಹಿಂದೆ ಒಂದು ಬೆಳಗ್ಗೆ ಎದ್ದಾಗ ನನ್ನ ಎಡಗಿವಿ ಮುಚ್ಚಿಹೋಗಿತ್ತು. ಸ್ನಾನದ ನೀರು ಎಂದುಕೊಂಡೆ. ಎರಡನೆಯ ದಿನ ನೆಗಡಿ ಎಂದುಕೊಂಡೆ. ಮೂರನೆಯ ದಿನ ಏನೂ ಅಂದುಕೊಳ್ಳಲಿಲ್ಲ, ಯಾಕೆಂದರೆ ಏನಾಗಿದೆ ಎಂದು ನನಗೆ ಗೊತ್ತಾಗಿತ್ತು. ಇಂಥದ್ದು ಬಂದರೆ ಅದೇ ವಾರ ಓಡಿಬರಬೇಕು, ತಡ ಮಾಡಿದರೆ ಮುಗಿಯಿತು ಎಂದು ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಗದರಿಸುವವಳು ನಾನು. ನಾನೇ ಹೋಗಲಿಲ್ಲ. ಪರೀಕ್ಷೆ ಮಾಡುವವಳಿಗೇ ಕಿವುಡು ಎಂದರೆ ಕೌಂಟರಿನಲ್ಲಿ ಚೀಟಿ ಹರಿಯಲು ಕೂರಿಸುತ್ತಾರೆ ಎಂಬ ಭಯ ಒಂದು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ನಿಮ್ಮಣ್ಣನಿಗೂ ಹೇಳಲಿಲ್ಲ. ಅವರು ಮಂಚದಲ್ಲಿ ಎಡಕ್ಕೆ ಮಲಗುವವರು. ಸೆಖೆ ಎಂದು ನೆಪ ಹೇಳಿ ಅವರನ್ನು ಬಲಕ್ಕೆ ಕಳಿಸಿದೆ. ಪಾಪ, ಐದು ತಿಂಗಳಿಂದ ಗೋಡೆ ಪಕ್ಕ ಮುದುಡಿಕೊಂಡು ಮಲಗುತ್ತಿದ್ದಾರೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಳಗ್ಗೆ ಮೊದಲ ರೋಗಿ ಬರುವ ಮುಂಚೆ ಪರೀಕ್ಷೆಯ ಹೆಡ್‌ಫೋನನ್ನು ನಾವೇ ಹಾಕಿಕೊಂಡು ಬಲ ಸರಿ, ಎಡ ಸರಿ ಎಂದು ಕೇಳಿ ನೋಡಿ, ಗೋಡೆಗೆ ತೂಗುಹಾಕಿದ ಪಟ್ಟಿಯಲ್ಲಿ ಎರಡು ಗೀಟು ಹಾಕಬೇಕು. ಮೊದಮೊದಲು ನಾನು ಬಲ ಕೇಳಿ, ಆಮೇಲೆ ಹೆಡ್‌ಫೋನನ್ನು ಹಿಂದುಮುಂದಾಗಿ ತಿರುಗಿಸಿ, ಎಡದ್ದನ್ನೂ ಬಲಗಿವಿಗೇ ಇಟ್ಟು ಕೇಳುತ್ತಿದ್ದೆ. ಒಂದು ದಿನ ಕೌಂಟರಿನವಳು ಬಾಗಿಲಲ್ಲಿ ನಿಂತು, “ಇದೇನ್ ಮೇಡಂ ಉಲ್ಟಾ ಹಾಕ್ಕೊಂಡಿದ್ದೀರಿ, ಹೊಸ ಫ್ಯಾಷನ್ನಾ?” ಅಂದಳು. ತಮಾಷೆಗೆ ಅಂದದ್ದು. ನಾನು ಗಡಬಡಿಸಿ ಹೆಡ್‌ಫೋನ್ ತೆಗೆದಿಟ್ಟೆ. ಮರುದಿನದಿಂದ ಬಲಗಡೆ ಮಾತ್ರ ಕೇಳಿ ಎರಡೂ ಗೀಟು ಹಾಕತೊಡಗಿದೆ.

ಜೋಡಿಯ ಹೊಸ ಆಲ್ಬಂ ಬಂದದ್ದು ಮೂರು ವಾರದ ಹಿಂದಿನ ಶುಕ್ರವಾರ. ನಾಲ್ಕು ವರ್ಷ ಕಾದದ್ದಲ್ಲವೇ, ತಡೆಯಲಾಗಲಿಲ್ಲ. ಊಟ ಬಿಟ್ಟು ಪರೀಕ್ಷೆಯ ಕೋಣೆಗೆ ಹೋಗಿ, ದಪ್ಪ ಬಾಗಿಲು ಎಳೆದುಕೊಂಡು, ಒಂಬತ್ತು ಹಾಡನ್ನೂ ಒಂದೇ ಉಸಿರಿಗೆ ಕೇಳಿದೆ. ಅರ್ಧ ಆಲ್ಬಂ ಕೇಳಿದೆ ಎನ್ನಬೇಕು. ಹಳೆಯ ಹಾಡುಗಳೆಲ್ಲ ಬಾಯಿಪಾಠ, ಒಂದು ಕಿವಿಗೆ ಬಿದ್ದರೆ ಇನ್ನೊಂದನ್ನು ತಲೆಯೇ ತುಂಬಿಸಿಕೊಡುತ್ತಿತ್ತು. ಹೊಸದಕ್ಕೆ ತುಂಬಿಸಲು ನನ್ನಲ್ಲಿ ಏನಿತ್ತು? ಆದರೆ ನನಗೆ ಹಾಗೆ ಅನಿಸಲೇ ಇಲ್ಲ. ಹಾಡೇ ಖಾಲಿ ಎಂದುಕೊಂಡೆ. ಕೂತ ಜಾಗದಲ್ಲೇ ಬರೆದು ಹಾಕಿದೆ: “ಗಿಡ್ಡಣ್ಣ ಈ ಸಲ ಮನೇಲಿ ಮಲಗಿದ್ದಾನೆ. ಉದ್ದಣ್ಣ ಒಬ್ಬನೇ ದುಡಿದಿದ್ದಾನೆ. ಐದನೇದಂತೂ ಒಂಟಿಕಾಲಲ್ಲಿ ಕುಂಟೋ ಹಾಡು. ಜೋಡಿ ಮುಗೀತು.”

ಸಂಜೆಯೊಳಗೆ ಅದೇ ಬಳಗದ ತೀರ್ಪಾಯಿತು. ಲಿಫ್ಟ್ ಮೆಕ್ಯಾನಿಕ್ ಎಂಬ ಹೆಸರಿನವನು ಮಾತ್ರ, ಎರಡನೇದು ಕೇಳಿದರೆ ಕೆಟ್ಟು ನಿಂತ ಲಿಫ್ಟಿನ ಬಾಗಿಲ ನೆನಪಾಗುತ್ತೆ, ನನಗೆ ಬಹಳ ಇಷ್ಟ ಆಯ್ತು ಎಂದ. ಲೆಕ್ಕದ ಮೇಷ್ಟ್ರು ಎಂದಿನಂತೆ ಎಲ್ಲ ಹಾಡಿನ ನಿಮಿಷ ಸೆಕೆಂಡು ಹಾಕಿ, ಏಳನೇದು ಅರ್ಧ ನಿಮಿಷ ಉದ್ದವಾಯಿತು ಎಂದರು. ಉಳಿದವರು ಗಿಡ್ಡಣ್ಣನಿಗೆ ಚಾಪೆ ದಿಂಬು ಕಳಿಸುವ ಜೋಕು ಮಾಡುತ್ತಾ ಕೂತರು. ಅಷ್ಟು ಹೊತ್ತಿನವರೆಗೆ ಆಲ್ಬಮ್ಮಿನ ಜೊತೆಗೆ ಅವರಿಬ್ಬರು ಬರೆದಿದ್ದ ಟಿಪ್ಪಣಿಯನ್ನು ನಾನು ಓದಿರಲಿಲ್ಲ, ಬಳಗದಲ್ಲಿ ಬೇರೆ ಯಾರೂ ಓದಿದಂತೆ ಕಾಣಲಿಲ್ಲ. ಈ ಸಲ ಇಬ್ಬರೂ ಒಟ್ಟಿಗೆ ಕೂರಲಿಲ್ಲ, ದೂರ ದೂರದ ಎರಡು ಕೋಣೆಗಳಲ್ಲಿ ಕೆಲಸ ಮಾಡಿದೆವು, ಒಬ್ಬನದನ್ನು ಬಲಕ್ಕೆ ಇನ್ನೊಬ್ಬನದನ್ನು ಎಡಕ್ಕೆ ಇಟ್ಟಿದ್ದೇವೆ, ಕೇಳುವವರ ತಲೆಯಲ್ಲಿ ನಾವಿಬ್ಬರೂ ಭೇಟಿಯಾಗುತ್ತೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಗಿಡ್ಡಣ್ಣ ಎಡ. ಅವನು ಮಾಡಿದ್ದೆಲ್ಲ ಬಹಳ ಮೆತ್ತಗಿನದು, ಬಸ್ಸಿನಲ್ಲೋ ಫೋನಿನ ಸ್ಪೀಕರಿನಲ್ಲೋ ಕೇಳಿದವರಿಗೆ ಇದ್ದೂ ಇಲ್ಲದಂಥದ್ದು.

ಶನಿವಾರ ನೀನು ಬರೆದೆ. ಒಂದೂಕಾಲು ವರ್ಷದ ಮೇಲೆ ಬಾಯಿ ಬಿಟ್ಟಿದ್ದೆ. “ಐದನೇದರಲ್ಲಿ ಎಡಗಡೆ ಗಿಡ್ಡಣ್ಣ ಇದ್ದಾನೆ ಅನ್ಸುತ್ತೆ. ಚಮಚದಿಂದ ಲೋಟ ತಟ್ಟಿದ ಹಾಗೆ. ಮೊದಲು ತಾಳ ತಪ್ಪುತ್ತಾನೆ, ಆಮೇಲೆ ಹುಡುಕ್ಕೊಂಡು ಬಂದು ಉದ್ದಣ್ಣನ ಜೊತೆ ಸೇರ್ತಾನೆ. ಅಲ್ಲಿ ನಂಗೆ ಅಳು ಬಂತು. ಇನ್ನೊಂದ್ಸಲ ಕೇಳಿ ನೋಡಿ.” ಅನ್ಸುತ್ತೆ ಎಂದು ಸೇರಿಸಿದ್ದೆ. ಪಾತ್ರೆಯ ಸದ್ದು ಎಂದು ಅಷ್ಟು ಜನರ ಮುಂದೆ ಬರೆಯುವುದಕ್ಕೆ ನಿನಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು ಆ ಬಳಗದಲ್ಲಿ ನನ್ನೊಬ್ಬಳಿಗೆ ಮಾತ್ರ ಗೊತ್ತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಮತ್ತೆ ಬರೆಯಬೇಕು. ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. “ಇಲ್ಲದ ಸದ್ದು ಕೇಳಿಸೋರಿಗೆ ಆಲ್ಬಂ ಯಾಕೆ ಬೇಕು? ಗೋಡೆಗೆ ಕಿವಿ ಇಟ್ಕೊಂಡ್ರೂ ಸಾಕು.”

ನಲವತ್ತೊಂದು ಜನ ನಗುವ ಮುಖ ಒತ್ತಿದರು. ಅವರಿಗೆ ಅದು ಬರೀ ಚುರುಕು ಮಾತು. ಗೋಡೆ ಎಂದರೆ ಯಾವ ಗೋಡೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಎಂಟು ತಿಂಗಳು ನಿನ್ನನ್ನು ಆ ಗೋಡೆಯಿಂದ ಬಿಡಿಸಿ ಕರೆತಂದು ಊಟಕ್ಕೆ ಕೂರಿಸಿದವಳು ನಾನು. ಆ ಗೋಡೆಯನ್ನೇ ಎತ್ತಿ ನಿನ್ನ ಮೇಲೆ ಹಾಕಿದೆ.

ನೀನು ಬಳಗ ಬಿಟ್ಟೆ. ಮುಂದಿನ ವಾರ ಇಬ್ಬರು ನನಗೆ ಗುಟ್ಟಾಗಿ ಸಂದೇಶ ಕಳಿಸಿದರು. ನಮಗೂ ಎಡಗಡೆ ಏನೋ ಕೇಳಿಸಿತ್ತು, ನೀವು ಹಾಗಂದ ಮೇಲೆ ಹೆಡ್‌ಫೋನ್ ಲೂಸ್ ಇರಬೇಕು ಅಂದ್ಕೊಂಡು ಸುಮ್ಮನಾದ್ವಿ ಎಂದರು. ನಾನು ಆ ಸಂದೇಶಗಳನ್ನೂ ಮುಚ್ಚಿಟ್ಟೆ.

ಆಮೇಲೆ ಒಂದು ಬೆಳಗ್ಗೆ ತಿಂಡಿಗೆ ಕೂತಾಗ ನಿಮ್ಮಣ್ಣ ಹೇಳಿದರು. ನೀನು ಮತ್ತೆ ಡಾಕ್ಟರ ಹತ್ತಿರ ಹೋದೆಯಂತೆ. ಹಾಡಿನಲ್ಲಿ ಇಲ್ಲದ ಸದ್ದು ಕೇಳುತ್ತಿದೆ ಎಂದು ನೀನೇ ಹೇಳಿ ಮಾತ್ರೆ ಶುರು ಮಾಡಿಸಿಕೊಂಡೆಯಂತೆ. ಲ್ಯಾಬಿಗೆ ರಜೆ ಹಾಕಿದ್ದೀಯಂತೆ, ಮಾತ್ರೆಗೆ ಕೈ ನಡುಗುತ್ತದೆ, ಹಲ್ಲು ಕೂರುವುದಿಲ್ಲ ಎಂದೆಯಂತೆ. “ಒಂಬತ್ತು ವರ್ಷ ಚೆನ್ನಾಗಿದ್ಲು ಕಣೆ, ಈಗ ಏನಾಯ್ತೋ” ಎಂದು ಅವರು ತಟ್ಟೆ ನೋಡುತ್ತಾ ಕೂತರು. ನಾನು ಅವರಿಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದೆ. ಬೇರೇನೂ ಮಾಡಲಿಲ್ಲ. ಅವತ್ತಿಗೂ ಇವತ್ತಿಗೂ ನಡುವೆ ಹನ್ನೊಂದು ದಿನ. ನನ್ನನ್ನು ಬಯ್ಯುವುದಾದರೆ ಆ ಒಂದು ವಾಕ್ಯಕ್ಕೆ ಬಯ್ಯುವಷ್ಟೇ ಈ ಹನ್ನೊಂದು ದಿನಕ್ಕೂ ಬಯ್ಯಿ.

ನಾನು ನಾನಾಗಿಯೇ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬಿಡಿಸಿದವರು ಒಬ್ಬ ಬಸ್ ಡ್ರೈವರು. ವರ್ಷಕ್ಕೊಮ್ಮೆಯ ತಪಾಸಣೆಗೆ ಕಳೆದ ಸೋಮವಾರ ಬಂದಿದ್ದರು. ಎಡಗಿವಿಗೆ ಎಷ್ಟು ಜೋರಾಗಿ ಸದ್ದು ಕೊಟ್ಟರೂ, ಕೇಳಿದಾಗ ಒತ್ತಬೇಕಾದ ಗುಂಡಿಯನ್ನು ಅವರು ಒತ್ತಲಿಲ್ಲ. “ಅಮ್ಮಾ, ನನ್ ಕಿವಿ ಚೆನ್ನಾಗೇ ಇದೆ, ನಿಮ್ ಮಿಷಿನ್ ಒಂದ್ಸಲ ನೋಡಿ” ಅಂದರು. ಎಲ್ಲರೂ ಮೊದಲು ಹಾಗೇ ಹೇಳ್ತಾರೆ ಎಂದು ನಾನು ನಕ್ಕು, ಕಾಗದದ ಕೆಳತುದಿಯಲ್ಲಿ, ಏನೂ ಕೇಳುವುದಿಲ್ಲ ಎಂಬ ಜಾಗದಲ್ಲಿ, ಎಡಗಿವಿಯ ನೀಲಿ ಕತ್ತರಿ ಗುರುತುಗಳನ್ನು ಸಾಲಾಗಿ ಹಾಕಿದೆ. ಅವರನ್ನು ಡ್ಯೂಟಿಯಿಂದ ಇಳಿಸಿದರು. ಗುರುವಾರ ಹೆಂಡತಿಯನ್ನು ಕರೆದುಕೊಂಡು ಬಂದರು. ಜಗಳ ಮಾಡಲಿಲ್ಲ. ನಮ್ಮ ಹೆಡ್‌ಫೋನನ್ನು ಹೆಂಡತಿಯ ತಲೆಗೆ ಹಾಕಿಸಿ, ಇವಳಿಗೆ ಕೇಳುತ್ತಾ ನೋಡಿ ಅಂದರು. ಆಕೆಗೂ ಕೇಳಲಿಲ್ಲ. ಕೌಂಟರಿನವಳಿಗೂ ಕೇಳಲಿಲ್ಲ. ಎಡಗಡೆಯ ತಂತಿ ಒಳಗೇ ತುಂಡಾಗಿತ್ತು. ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಗೋಡೆಯ ಪಟ್ಟಿಯ ಹತ್ತಿರ ಹೋಗಿ, ಅವತ್ತಿನ ಬೆಳಗಿನ ನನ್ನ ಗೀಟಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

ಹೇಳಿದೆ. ಡ್ರೈವರ ಮುಂದೆ, ಅವರ ಹೆಂಡತಿಯ ಮುಂದೆ, ಕೌಂಟರಿನವಳ ಮುಂದೆ. ಡ್ರೈವರು ತಮ್ಮ ಟೋಪಿಯನ್ನು ಮಡಚುತ್ತಾ, “ಹೋಗ್ಲಿ ಬಿಡಿ ಅಮ್ಮ, ನಮ್ಗೂ ಕಣ್ಣು ಮಂಜಾದ್ರೆ ನಾವೂ ಹೇಳಲ್ಲ” ಅಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಡಾಕ್ಟರಮ್ಮ ಬೇರೆ ಹೆಡ್‌ಫೋನ್ ತರಿಸಿ ಅವರನ್ನು ತಾವೇ ಪರೀಕ್ಷಿಸಿ, ಎರಡೂ ಕಿವಿ ಸರಿ ಎಂದು ಬರೆದುಕೊಟ್ಟು ಕಳಿಸಿದರು. ಆಮೇಲೆ ನನ್ನನ್ನು ಗಾಜಿನ ಈಚೆ, ರೋಗಿಯ ಕುರ್ಚಿಯಲ್ಲಿ ಕೂರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗುಂಡಿ ನನ್ನ ಕೈಯಲ್ಲಿತ್ತು. ಎಡಕ್ಕೆ ಒಮ್ಮೆಯೂ ಒತ್ತಲಿಲ್ಲ. “ಮೊದಲ ವಾರ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು, ನಿಮಗೆ ಗೊತ್ತಿಲ್ಲದ್ದೇನಲ್ಲ” ಅಂದರು, ಅಷ್ಟೇ. ನಾನೀಗ ಕೌಂಟರಿನಲ್ಲಿದ್ದೇನೆ. ಹೊಸಬರು ಬರುವತನಕ ಪರೀಕ್ಷೆಯ ಕೋಣೆ ಖಾಲಿ, ಅದರೊಳಗೆ ಕೂತೇ ಇದನ್ನು ಬರೆಯುತ್ತಿರುವುದು. ತಂತಿ ಎಂದು ತುಂಡಾಯಿತೋ, ಇನ್ನೆಷ್ಟು ಜನರಿಗೆ ಹಾಗೆ ಬರೆದೆನೋ ಎಂದು ಹಳೆಯ ಕಾಗದಗಳನ್ನೆಲ್ಲ ತೆಗೆದು, ಎಡಗಿವಿ ಹೋಗಿದೆ ಎಂದು ನಾನು ಬರೆದ ಒಬ್ಬೊಬ್ಬರನ್ನೂ ಫೋನ್ ಮಾಡಿ ಮತ್ತೆ ಕರೆಸುತ್ತಿದ್ದೇನೆ.

ಅವತ್ತು ಸಂಜೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಐದನೆಯ ಹಾಡು ಕೇಳಿದೆ. ಮೊದಲ ಸಲ ಗಿಡ್ಡಣ್ಣನನ್ನು ಕೇಳಿದೆ. ನೀನು ಹೇಳಿದ ಹಾಗೇ ಇದೆ. ಚಮಚ, ಲೋಟ. ತಡವರಿಸುತ್ತಾನೆ, ನಿಲ್ಲುತ್ತಾನೆ, ಮತ್ತೆ ಶುರು ಮಾಡುತ್ತಾನೆ. ಸೇರುವುದು ಮಾತ್ರ ನನಗೆ ಕೇಳಲಿಲ್ಲ, ಯಾಕೆಂದರೆ ಅವನನ್ನು ಕೇಳುವಾಗ ಉದ್ದಣ್ಣ ಇಲ್ಲ, ಉದ್ದಣ್ಣನನ್ನು ಕೇಳುವಾಗ ಅವನಿಲ್ಲ. ಎರಡನ್ನೂ ಬೆರೆಸಿ ಒಂದೇ ಕಿವಿಗೆ ಕೊಡುವ ಏರ್ಪಾಡು ಫೋನಿನಲ್ಲಿ ಇದೆ, ಹಾಗೂ ಕೇಳಿದೆ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತ ಹಾಗಿತ್ತು. ಇಬ್ಬರೂ ಎರಡು ಕಡೆಯಿಂದ ನಡೆದುಬಂದು ನಡುವೆ ಸೇರುವುದು ಹೇಗಿರುತ್ತದೆ ಎಂದು ನನಗೆ ಇನ್ನು ಯಾರಾದರೂ ಹೇಳಬೇಕು. ನೀನು ಹೇಳುತ್ತೀಯಾ ಎಂದು ಕೇಳುವ ಮುಖ ನನಗಿಲ್ಲ.

ಇಂದು ಬೆಳಗ್ಗೆ ಬಳಗದಲ್ಲಿ ಬರೆದು ಹಾಕಿದ್ದೇನೆ. ಹಳೇ ಕಿವಿಗೆ ಒಂದೇ ಕಿವಿ, ದವಡೆ ಹಲ್ಲು ಹೇಳಿದ್ದೇ ಸರಿ, ನಾನು ಆಡಿದ ಮಾತು ಕೆಟ್ಟದ್ದು, ಗಿಡ್ಡಣ್ಣನ ಕ್ಷಮೆ ಕೇಳುತ್ತೇನೆ, ಅವಳ ಕ್ಷಮೆ ಬೇರೆಯಾಗಿ ಕೇಳುತ್ತೇನೆ ಎಂದು. ನಿನ್ನ ಕಾಯಿಲೆಯ ಸುದ್ದಿ ಎತ್ತಿಲ್ಲ. ಗೋಡೆಯ ಮಾತನ್ನು ಅಳಿಸಿಲ್ಲ, ಅಳಿಸಿದರೆ ಆಡಲೇ ಇಲ್ಲ ಎಂದಾಗುತ್ತದೆ. ಬೇಡವೆಂದರೆ ಹೇಳು, ತೆಗೆಯುತ್ತೇನೆ. ನಿಮ್ಮಣ್ಣನಿಗೂ ಎಲ್ಲವನ್ನೂ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಡಿದ್ದರೂ ಯಾವ ಕಡೆಯಿಂದ ಆಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲವೋ ಏನೋ. ನಿನ್ನೆ ತಾವಾಗಿಯೇ ಬಂದು ನನ್ನ ಬಲಕ್ಕೆ ಕೂತರು.

ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ. ಡಾಕ್ಟರು ಇದನ್ನು ಓದಿ ಹೇಳಿದ ಹಾಗೆ ಮಾಡು. ಸಾಧ್ಯವಾದರೆ ಅವರೆದುರೇ ಐದನೆಯ ಹಾಡು ಹಾಕಿ, ಎಡದ ಇಯರ್‌ಫೋನನ್ನು ಅವರ ಕಿವಿಗೆ ಕೊಡು. ಅವರೂ ಕೇಳಲಿ. ಇದರ ಜೊತೆ ನನ್ನ ಪರೀಕ್ಷೆಯ ಕಾಗದದ ಪ್ರತಿ ಇಟ್ಟಿದ್ದೇನೆ. ಕೆಂಪು ಸೊನ್ನೆಗಳು ಬಲ, ನೀಲಿ ಕತ್ತರಿಗಳು ಎಡ. ನೀಲಿಯವೆಲ್ಲ ಹೇಗೆ ತಳಕ್ಕೆ ಬಿದ್ದಿವೆ ನೋಡು. ನೀನು ಸರಿ, ನಾನು ಕೆಟ್ಟಿದ್ದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರ ಇಲ್ಲ.

ಹೊಟ್ಟೆಗೆ ಹಾಕಿಕೋ ಎನ್ನುವುದಿಲ್ಲ. ಲ್ಯಾಬಿಗೆ ಹೋಗು, ನಿನ್ನ ಹಲ್ಲುಗಳು ಕಾಯುತ್ತಿರುತ್ತವೆ.

ತಲೆ ಎತ್ತಲಾರದ
ನಿನ್ನ ಅತ್ತಿಗೆ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಲಕೋಟೆ ಅಂಟಿಸಿ ಆಗಿತ್ತು, ಬಿಡಿಸಿ ಬರೆಯುತ್ತಿದ್ದೇನೆ. ಹೆಡ್‌ಫೋನ್ ತಿರುಗಿಸುವುದು ತಿಂಗಳುಗಟ್ಟಲೆ ಅಭ್ಯಾಸವಿದ್ದವಳು ನಿನ್ನ ಮಾತು ಓದಿದ ಮೇಲೂ ಯಾಕೆ ತಿರುಗಿಸಿ ನೋಡಲಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀ, ನೀನು ದಡ್ಡಿಯಲ್ಲ. ತಿರುಗಿಸಿದ್ದೆ. ಗುರುವಾರ ಕೇಳಿದ್ದು ಮೊದಲ ಸಲವಲ್ಲ. ಆ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ, ನಿಮ್ಮಣ್ಣ ಸ್ನಾನಕ್ಕೆ ಹೋಗಿದ್ದಾಗ, ಐದನೆಯ ಹಾಡನ್ನು ತಿರುಗಿಸಿ ಮೂರು ಸಲ ಕೇಳಿದೆ. ಮೂರು ಸಲವೂ ಚಮಚ ಇತ್ತು. ನೀನು ಸರಿ ಎಂದು ಬರೆದರೆ ಹಳೇ ಕಿವಿಗೆ ಅದು ಹೇಗೆ ತಪ್ಪಿತು ಎಂದು ಎಲ್ಲರೂ ಕೇಳುತ್ತಾರಲ್ಲ ಎನಿಸಿತು. ಹೆಡ್‌ಫೋನ್ ತೆಗೆದಿಟ್ಟು, ಮುಖ ತೊಳೆದು ಬಂದು, ಆಮೇಲೆ ಆ ಗೋಡೆಯ ಮಾತು ಬರೆದೆ. ಇದನ್ನು ಬಳಗಕ್ಕೂ ಹೇಳಿಲ್ಲ, ನಿಮ್ಮಣ್ಣನಿಗೂ ಹೇಳಿಲ್ಲ. ಇಂದು ಸಂಜೆ ಹೇಳುತ್ತೇನೆ. ನಿನ್ನ ಕಿವಿ ಸರಿಯಾಗಿತ್ತು, ಮತ್ತು ಅದು ನನಗೆ ಗೊತ್ತಿತ್ತು.